ಬೇತಾಳವೂ ಕಾಯುತ್ತಿತ್ತು

ಚರ್ಮ ಸೀಳಿ ವೈರು ಹೊರಬರುತ್ತೆ, ಇಬ್ಬರ ತಲೆ ಒಂದೇ ಕೇಬಲ್ಲಿಗೆ ಬೆಸೆದುಕೊಳ್ಳುತ್ತೆ, ಕೊನೆಗೆ ಯಾವ ಯೋಚನೆ ಯಾರದು ಅಂತಲೇ ಗೊತ್ತಾಗಲ್ಲ. ಇಂಥ ಕಾಮಿಕ್ಸ್‌ಗಳಿಗೆ ‘ಬಾಡಿ ಹಾರರ್’ ಅಂತಾರೆ. ಇದು ಜಪಾನ್, ಅಮೆರಿಕದ ಸರಕು ಅನ್ನೋರು ಹಳೇ ಚಂದಮಾಮ ತೆಗೆದು ನೋಡಬೇಕು. ಶಂಕರ್ ಬರೆದ ಆ ಚಿತ್ರ: ಕೈಯಲ್ಲಿ ಕತ್ತಿ, ಹೆಗಲ ಮೇಲೆ ಹೆಣ, ಹೆಣದೊಳಗೆ ಬೇತಾಳ. ಮಾಲೂರಿನಲ್ಲಿ ಬೆಳೆದ ನನಗೆ ಮೊದಲ ಬಾಡಿ ಹಾರರ್ ಅದೇ.

ಬೇತಾಳದ ಒಂದು ಕಥೆಯಲ್ಲಿ ಇಬ್ಬರು ಗಂಡಸರ ರುಂಡ ಅದಲುಬದಲಾಗುತ್ತೆ. ಈಗ ಗಂಡ ಯಾರು? ತಲೆಯಿದ್ದವನೇ ಅಂತಾನೆ ರಾಜ. ಗಿರೀಶ ಕಾರ್ನಾಡರು ‘ಹಯವದನ’ದಲ್ಲಿ ಈ ತೀರ್ಪನ್ನು ಮತ್ತೆ ಕೆದಕಿದರು: ದೇಹಕ್ಕೂ ತನ್ನದೇ ನೆನಪುಗಳಿದ್ದರೆ?

2013ರ ಆಗಸ್ಟಿನಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಈ ಪ್ರಶ್ನೆ ಹೊಸ ವೇಷದಲ್ಲಿ ಬಂತು. ವಿಜ್ಞಾನಿ ರಾಜೇಶ್ ರಾವ್ ಮಿದುಳಿನ ಸಂಕೇತ ಓದುವ ಟೋಪಿ ಹಾಕಿಕೊಂಡು ವಿಡಿಯೋ ಗೇಮ್ ನೋಡುತ್ತಾ, ಗುಂಡು ಹಾರಿಸಲು ಕೈ ಆಡಿಸಿದಂತೆ ಬರೀ ಕಲ್ಪಿಸಿಕೊಂಡರು. ಕ್ಯಾಂಪಸ್ಸಿನ ಇನ್ನೊಂದು ಬದಿಯಲ್ಲಿ, ಪರದೆಯನ್ನೇ ನೋಡದೆ ಕೂತಿದ್ದ ಆಂದ್ರೆಯಾ ಸ್ಟಾಕೊ ಅವರ ಬೆರಳು ಕೀಬೋರ್ಡ್ ಒತ್ತಿತು. ತಲೆಯ ಮೇಲೆ ಇಟ್ಟಿದ್ದ ಒಂದು ಕಾಂತೀಯ ಸುರುಳಿ ಸಾಕಾಯ್ತು. ರಕ್ತವಿಲ್ಲ, ಗಾಯವಿಲ್ಲ. ಗುಂಡು ಹಾರಿಸಿದ್ದು ಯಾರು? ತಲೆಯೇ ಮುಖ್ಯ ಅನ್ನೋಣ ಅಂದ್ರೆ ಇಲ್ಲಿ ತಲೆಗಳು ಎರಡು!

ಇಂಥ ತಂತ್ರಜ್ಞಾನವೇ ಬೇಡ ಅಂತ ನಾನು ಹೇಳ್ತಿಲ್ಲ. 2024ರ ಜನವರಿಯಲ್ಲಿ ನ್ಯೂರಾಲಿಂಕ್ ಮೊದಲ ಬಾರಿ ಮನುಷ್ಯನ ಮಿದುಳಿಗೆ ಚಿಪ್ ಹಾಕಿತು. ಕೈಕಾಲು ಆಡದ ವ್ಯಕ್ತಿಯೊಬ್ಬರು ಬರೀ ಯೋಚನೆಯಿಂದ ಕರ್ಸರ್ ಓಡಿಸಿದರು. ಅದು ವರವೇ. ಯಾಕಂದ್ರೆ ಏನನ್ನು ಹೊರಗೆ ಕಳಿಸಬೇಕು ಅನ್ನೋದು ಅವರ ಆಯ್ಕೆ. ನನಗೆ ಭಯ, ಆ ಆಯ್ಕೆಯೇ ಇಲ್ಲದಂತೆ ಮನಸ್ಸುಗಳು ತೆರೆದುಕೊಳ್ಳುವ ದಿನದ ಬಗ್ಗೆ.

ಆಗ ಸುಳ್ಳೇ ಇರಲ್ವಲ್ಲ, ಒಳ್ಳೇದಲ್ವಾ ಅಂತ ಗೆಳೆಯರು ಕೇಳ್ತಾರೆ. ನಮ್ಮ ಕೋಲಾರದ ಕಡೆಯವರನ್ನು ನೋಡಿ. ಎಷ್ಟೋ ಮನೆಗಳಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಬೆಂಗಳೂರಿನ ಆಫೀಸಿನಲ್ಲಿ ಇಂಗ್ಲಿಷ್. ಮ್ಯಾನೇಜರ್ ಮೇಲಿನ ಸಿಟ್ಟು ತೆಲುಗಿನಲ್ಲಿ ಹುಟ್ಟಿ, ಕನ್ನಡದಲ್ಲಿ ತಣ್ಣಗಾಗಿ, ಇಂಗ್ಲಿಷಿನಲ್ಲಿ ಇಮೇಲ್ ಆಗುವಷ್ಟರಲ್ಲಿ ಸಭ್ಯವಾಗಿರುತ್ತೆ. ಇದನ್ನು ಬೂಟಾಟಿಕೆ ಅನ್ನಬಹುದು. ನಾನು ಸಂಸ್ಕಾರ ಅಂತೀನಿ.

ಇನ್ನೂ ಕಷ್ಟದ ಉದಾಹರಣೆ ಬೇಕಾ? ಹಾಸಿಗೆ ಹಿಡಿದ ಅಮ್ಮನನ್ನು ವರ್ಷಗಟ್ಟಲೆ ನೋಡಿಕೊಳ್ಳುವ ಮಗಳಿಗೆ ಒಂದು ನಡುರಾತ್ರಿ ‘ಇದು ಯಾವಾಗ ಮುಗಿಯುತ್ತೋ’ ಅನಿಸಬಹುದು. ಅನಿಸಿದ ಮರುಕ್ಷಣ ಅವಳು ಎದ್ದು ಅಮ್ಮನ ಮಗ್ಗುಲು ಬದಲಿಸುತ್ತಾಳೆ. ಇವೆರಡರಲ್ಲಿ ನಿಜವಾದ ಅವಳು ಯಾರು? ಬಂದು ಹೋದ ಯೋಚನೆ ಅವಳ ಆಯ್ಕೆಯಲ್ಲ. ಎದ್ದು ಹೋಗಿದ್ದು ಅವಳ ಆಯ್ಕೆ. ಮನಸ್ಸುಗಳನ್ನು ವೈರಿನಲ್ಲಿ ಕಟ್ಟಿದರೆ ಅಮ್ಮನಿಗೆ ಮೊದಲು ತಲುಪುವುದು ಆ ಯೋಚನೆ. ಅದನ್ನು ಕೇಳಿದ ಮೇಲೆ ಆ ಕೈಯ ಆರೈಕೆ ಮೊದಲಿನಂತೆ ಇರುತ್ತಾ?

ಅನಿಸಿದ್ದಕ್ಕೂ ಆಡಿದ್ದಕ್ಕೂ ನಡುವಿನ ಜಾಗದಲ್ಲೇ ನಾವು ಒಳ್ಳೆಯವರಾಗೋದು. ಮಾಂಸ, ವೈರು ಬೆಸೆದುಕೊಳ್ಳೋದಕ್ಕಿಂತ ಆ ಜಾಗ ಮುಚ್ಚಿಹೋಗೋದೇ ನನಗೆ ನಿಜವಾದ ಹಾರರ್.

ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಾವಿರ ಹೋಳಾಗುತ್ತೆ ಅಂತ ಬೇತಾಳ ಹೆದರಿಸುತ್ತಿತ್ತು, ನಿಜ. ಆದರೆ ಹೆಗಲೇರಿ ಕೂತಿದ್ದರೂ ರಾಜನ ತಲೆಯೊಳಗೆ ಅದು ಕೈಹಾಕಲಿಲ್ಲ. ಅವನು ಬಾಯಿ ಬಿಡೋವರೆಗೆ ಕಾಯುತ್ತಿತ್ತು. ಬರಲಿರುವ ಯಂತ್ರಗಳಿಗೆ ಕೊನೇಪಕ್ಷ ಅಷ್ಟಾದರೂ ಮರ್ಯಾದೆ ಇರಲಿ.