ಗಂಡ ಹೆಂಡಿರ ನಡುವೆ ಕಾಗದವೇಕೆ?

'ಗಂಡ ಹೆಂಡತಿಯ ನಡುವೆ ಎಂಥ ಲೆಕ್ಕಪತ್ರ?' ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ, ಆಡಿಯೂ ಇದ್ದೇವೆ. ಅಂಗಡಿಯ ಪಾಲುದಾರರಿಗೆ ಕರಾರುಪತ್ರ ಬೇಕು. ಅಣ್ಣತಮ್ಮಂದಿರಿಗೆ ವಿಭಾಗಪತ್ರ ಬೇಕು. ಎರಡು ಕೋಣೆಯ ಮನೆಯನ್ನು ಬಾಡಿಗೆಗೆ ಕೊಟ್ಟರೂ ಛಾಪಾ ಕಾಗದ ಬೇಕು. ಆದರೆ ಮದುವೆಯಾಗಿ ಕೆಲವು ವರ್ಷಗಳಾದ ಮೇಲೆ ಪತ್ನಿಯ ಚಿನ್ನ ಪತಿಯ ಗಲ್ಫ್ ವೀಸಾಕ್ಕೋ, ಅಂಗಡಿಯ ಮುಂಗಡಕ್ಕೋ, ಅವನ ಹೆಸರಿನಲ್ಲೇ ಇರುವ ಮನೆಯ ತಾರಸಿಗೋ ಕರಗಿ ಹೋದಾಗ, 'ಇದನ್ನೊಂದು ಕಾಗದದಲ್ಲಿ ಬರೆದಿಡೋಣ' ಎಂದು ಆಕೆ ಹೇಳಲಿ ನೋಡೋಣ. 'ನನ್ನ ಮೇಲೆ ನಂಬಿಕೆ ಇಲ್ಲವೇ?' ಎಂಬ ಪ್ರಶ್ನೆ ತಕ್ಷಣ ಬರುತ್ತದೆ. ವಿಚಿತ್ರವೆಂದರೆ, ಈ ಪ್ರಶ್ನೆಯನ್ನು ಯಾವಾಗಲೂ ಪಡೆದುಕೊಂಡವನೇ ಕೇಳುತ್ತಾನೆ, ಕೊಟ್ಟವಳಲ್ಲ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂದು ನಮ್ಮ ಹಿರಿಯರು ಹೇಳಿದ್ದು ಸಂತೆಯ ವ್ಯವಹಾರಕ್ಕೆ ಮಾತ್ರವಲ್ಲವೇನೋ.

ಕಾಗದವಿಲ್ಲದ ನಂಬಿಕೆಯ ಬೆಲೆ ಎಷ್ಟೆಂದು ತಿಳಿಯಲು ಕೇರಳದ ದಂಪತಿಯೊಬ್ಬರ ಮೊಕದ್ದಮೆಯನ್ನು ನೋಡಬಹುದು. ಅವರ ಮದುವೆಯಾದದ್ದು 2003ರಲ್ಲಿ. ತವರಿನವರು ಕೊಟ್ಟ 89 ಪವನ್ ಚಿನ್ನವನ್ನು ಮೊದಲ ರಾತ್ರಿಯೇ, ಜೋಪಾನವಾಗಿ ಇಡುವ ನೆಪದಲ್ಲಿ, ಪತಿ ತೆಗೆದುಕೊಂಡನೆಂದೂ ಅದು ಅವನ ಮನೆಯವರ ಸಾಲಕ್ಕೆ ಹೋಯಿತೆಂದೂ ಪತ್ನಿಯ ದೂರು. ಕುಟುಂಬ ನ್ಯಾಯಾಲಯ 2011ರಲ್ಲಿ ಆಕೆಯ ಮಾತನ್ನು ಒಪ್ಪಿತು. ಹೈಕೋರ್ಟು 2022ರಲ್ಲಿ, ಸಾಕ್ಷ್ಯ ಸಾಲದೆಂದು, ಒಪ್ಪಲಿಲ್ಲ. ಕೊನೆಗೆ 2024ರಲ್ಲಿ ಸುಪ್ರೀಂ ಕೋರ್ಟು ಸ್ತ್ರೀಧನವು ದಂಪತಿಯ ಜಂಟಿ ಸೊತ್ತಲ್ಲ, ಕಷ್ಟಕಾಲದಲ್ಲಿ ಪತಿ ಬಳಸಿಕೊಂಡರೂ ಹಿಂದಿರುಗಿಸುವ ನೈತಿಕ ಹೊಣೆ ಅವನ ಮೇಲಿದೆ ಎಂದು ಹೇಳಿ 25 ಲಕ್ಷ ರೂಪಾಯಿ ಕೊಡಿಸಿತು. ಮದುವೆಯಿಂದ ತೀರ್ಪಿನವರೆಗೆ 21 ವರ್ಷ! ಮಲಗುವ ಕೋಣೆಯಲ್ಲಿ ಕೈಯಿಂದ ಕೈಗೆ ಹೋದ ಒಡವೆಗೆ ಸಾಕ್ಷಿ ಎಲ್ಲಿಂದ ಬರಬೇಕು?

ಹಾಗಾದರೆ ಬರೆದಿಟ್ಟರೆ ಸಾಕೇ? ಅದೂ ಅಷ್ಟು ಸರಳವಲ್ಲ. 1872ರ ನಮ್ಮ ಕರಾರು ಕಾಯಿದೆಯ 25ನೇ ಕಲಮಿನ ಪ್ರಕಾರ ಪ್ರತಿಫಲವಿಲ್ಲದ ಕರಾರು ಸಾಮಾನ್ಯವಾಗಿ ಶೂನ್ಯ. ಇದಕ್ಕಿರುವ ವಿನಾಯಿತಿಗಳಲ್ಲಿ ಒಂದು, ಹತ್ತಿರದ ಸಂಬಂಧಿಗಳು ಸಹಜ ಪ್ರೀತಿ ವಾತ್ಸಲ್ಯದಿಂದ ಬರೆದು ನೋಂದಾಯಿಸಿದ ಪತ್ರ. ರಾಜಲಖಿ ದೇಬಿ ಎಂಬವರ ಪ್ರಕರಣ ಕಲ್ಕತ್ತಾ ಹೈಕೋರ್ಟಿನಲ್ಲಿ 1900ರಲ್ಲಿ ತೀರ್ಮಾನವಾಯಿತು. ಪತ್ನಿಯ ಪ್ರತ್ಯೇಕ ವಾಸಕ್ಕೂ ಜೀವನಾಂಶಕ್ಕೂ ಹಣ ಕೊಡುವೆನೆಂದು ಪತಿ ಬರೆದು ನೋಂದಾಯಿಸಿದ್ದ. ಆದರೆ ಅದೇ ಪತ್ರದಲ್ಲಿ ತಮ್ಮ ಜಗಳ ವಿರಸಗಳನ್ನೂ ನಮೂದಿಸಿದ್ದ. ಪ್ರೀತಿಯೇ ಇಲ್ಲದ ಮೇಲೆ ಪ್ರೀತಿಯಿಂದ ಬರೆದ ಕರಾರು ಹೇಗಾದೀತು ಎಂದು ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಅಲ್ಲಿ ನಡೆಯಲಿಲ್ಲ.

19 ವರ್ಷಗಳ ಬಳಿಕ ಲಂಡನ್ನಿನಲ್ಲಿ ಇದರ ತಿರುವುಮುರುವು ನಡೆಯಿತು. ಶ್ರೀಲಂಕಾದಲ್ಲಿ ನೀರಾವರಿ ಅಧಿಕಾರಿಯಾಗಿದ್ದ ಬಾಲ್ಫೋರ್, ಅನಾರೋಗ್ಯದಿಂದ ಇಂಗ್ಲೆಂಡಿನಲ್ಲೇ ಉಳಿದ ಪತ್ನಿಗೆ ತಿಂಗಳಿಗೆ 30 ಪೌಂಡ್ ಕೊಡುವೆನೆಂದು ಮಾತುಕೊಟ್ಟಿದ್ದ. ಮುಂದೆ ಸಂಬಂಧ ಕೆಟ್ಟಿತು. ಅನ್ಯೋನ್ಯವಾಗಿದ್ದಾಗ ದಂಪತಿ ಆಡಿಕೊಂಡ ಮಾತು ಕಾನೂನಿನ ಕರಾರಲ್ಲ ಎಂದು 1919ರಲ್ಲಿ ಅಲ್ಲಿನ ನ್ಯಾಯಾಲಯ ಹೇಳಿತು. ಕಲ್ಕತ್ತೆಯಲ್ಲಿ ಪ್ರೀತಿ ಇಲ್ಲವೆಂದು ಪತ್ನಿ ಸೋತಳು, ಲಂಡನ್ನಿನಲ್ಲಿ ಪ್ರೀತಿ ಇತ್ತೆಂದು ಸೋತಳು! ಮದುವೆಯ ನಂತರದ ಹಣಕಾಸಿನ ಒಪ್ಪಂದಗಳಿಗೆ ಬ್ರಿಟಿಷ್ ನ್ಯಾಯಾಧೀಶರು ಮಾನ್ಯತೆ ಕೊಡಲು 2008ರ ಪ್ರಿವಿ ಕೌನ್ಸಿಲ್ ತೀರ್ಪಿನವರೆಗೆ ಕಾಯಬೇಕಾಯಿತು.

ಕಾನೂನಿನ ಈ ತೊಡಕನ್ನು ವಕೀಲರಿಗೆ ಬಿಡೋಣ. ನಮ್ಮನ್ನು ಕಾಡುವುದು ಅದರ ಹಿಂದಿರುವ ಪ್ರಶ್ನೆ. ಪ್ರೀತಿ ಇರುವಾಗ ಕಾಗದ ಅವಮಾನವೆನಿಸುತ್ತದೆ, ಪ್ರೀತಿ ಮುಗಿದ ಮೇಲೆ ಅದನ್ನು ಬರೆಯಲು ಯಾರೂ ಸಿಗುವುದಿಲ್ಲ. ಬರೆಯುವ ಹೊತ್ತು ಯಾವುದು?

ಕುರ್‌ಆನಿನ ಅತಿ ದೀರ್ಘ ಸೂಕ್ತ ನಮಾಝಿನ ಬಗ್ಗೆಯಾಗಲಿ ಉಪವಾಸದ ಬಗ್ಗೆಯಾಗಲಿ ಅಲ್ಲ, ಸಾಲವನ್ನು ಬರೆದಿಡುವ ಬಗ್ಗೆ ಎಂಬುದನ್ನು ನಾವು ಬಹಳವಾಗಿ ಗಮನಿಸುವುದಿಲ್ಲ. ಮೊತ್ತ ಚಿಕ್ಕದಿರಲಿ ದೊಡ್ಡದಿರಲಿ, ಬರೆಯಲು ಬೇಸರಿಸಬಾರದೆಂದು ಅದು ಕಲಿಸುತ್ತದೆ. ಹೆಂಡತಿಯ ಸಾಲವನ್ನು ಹೊರತುಪಡಿಸಿ ಎಂದು ಅಲ್ಲಿಲ್ಲ. ಇನ್ನೊಂದು ಸೂಕ್ಷ್ಮವೂ ಇದೆ. ಬರಹದ ಒಕ್ಕಣೆಯನ್ನು ಹೇಳಿ ಬರೆಸಬೇಕಾದವನು ಸಾಲ ಕೊಟ್ಟವನಲ್ಲ, ಪಡೆದವನು. ಅಂದರೆ ಚಿನ್ನ ಕೊಟ್ಟವಳು ಮುಜುಗರಪಟ್ಟು ಕಾಗದ ಕೇಳಬೇಕಾಗಿಲ್ಲ, ಪಡೆದವನೇ ಮುಂದಾಗಬೇಕು. ಮುಂದಿನ ಸೂಕ್ತ ಪರಸ್ಪರ ನಂಬಿಕೆಯ ಮೇಲಿನ ವ್ಯವಹಾರಕ್ಕೂ ಅವಕಾಶ ಕೊಡುತ್ತದೆ, ನಿಜ. ಆದರೆ ಅಲ್ಲಿಯೂ ಹೊಣೆ ಬೀಳುವುದು ನಂಬಿಸಿಕೊಂಡವನ ಮೇಲೆಯೇ.

ಬರೆದಿಟ್ಟರೆ ಸಂಬಂಧ ವ್ಯಾಪಾರವಾಗುವುದಿಲ್ಲವೇ ಎಂದು ಕೆಲವರು ಪ್ರಾಮಾಣಿಕವಾಗಿಯೇ ಕೇಳುತ್ತಾರೆ. ನಮಗೆ ಆಗ ನೆನಪಾಗುವವರು ಅಬ್ದುಲ್ಲಾ ಬಿನ್ ಮಸ್‌ಊದ್(ರ)ರ ಪತ್ನಿ ಝೈನಬ್(ರ). ತನ್ನ ಹಣವನ್ನು ಪತಿಗೂ ತಾನು ಸಾಕುತ್ತಿದ್ದ ಅನಾಥರಿಗೂ ಖರ್ಚು ಮಾಡಿದರೆ ಅದು ದಾನವಾದೀತೇ ಎಂದು ಅವರು ಪ್ರವಾದಿ(ಸ)ರಲ್ಲಿ ವಿಚಾರಿಸಿದರು. ಎರಡು ಪ್ರತಿಫಲವಿದೆ ಎಂಬ ಉತ್ತರ ಬಂತು, ಒಂದು ಸಂಬಂಧದ್ದು, ಇನ್ನೊಂದು ದಾನದ್ದು. ಗಂಡನಿಗೆ ಕೊಟ್ಟದ್ದು ದಾನವಾಗಬೇಕಾದರೆ ಅದು ಮೊದಲು ಅವಳದ್ದಾಗಿರಬೇಕು. ನಿನ್ನದು ನನ್ನದು ಎಂಬ ಗೆರೆಯೇ ಇಲ್ಲದ ಮನೆಯಲ್ಲಿ ಹೆಣ್ಣು ಎಷ್ಟು ಕೊಟ್ಟರೂ ಅದು ಕೊಟ್ಟದ್ದಾಗಿ ಕಾಣುವುದಿಲ್ಲ. ಮನೆಯ ಖರ್ಚಿನಲ್ಲಿ ಸೇರಿಹೋಗುತ್ತದೆ, ಅಷ್ಟೆ. ಕಾಗದ ಔದಾರ್ಯವನ್ನು ಕೊಲ್ಲುವುದಿಲ್ಲ, ಕಾಣಿಸುತ್ತದೆ.

ಆದರೂ ಒಂದು ಅಂಜಿಕೆ ನಮಗಿದೆ. ಲೇಖನಿ ಯಾರ ಕೈಯಲ್ಲಿದೆ? ಕಾಗದ ಹೆಣ್ಣಿನ ರಕ್ಷಣೆಗಷ್ಟೇ ಬಳಕೆಯಾದೀತೆಂದು ನಂಬುವಷ್ಟು ಮುಗ್ಧರು ನಾವಲ್ಲ. 'ಎಲ್ಲವನ್ನೂ ಸ್ವಇಚ್ಛೆಯಿಂದ ಕೊಟ್ಟಿದ್ದೇನೆ' ಎಂದು ಬರೆಸಿಕೊಂಡು ಸಹಿ ಹಾಕಿಸುವುದು ಎಷ್ಟು ಸುಲಭ! 1867ರಲ್ಲಿ ಪ್ರಿವಿ ಕೌನ್ಸಿಲಿನ ಮುಂದೆ ಬಂದ ಶಂಸುನ್ನಿಸಾ ಬೇಗಂರ ಪ್ರಕರಣ ಇಂಥದ್ದೇ. ಆಕೆ ಸಹಿ ಮಾಡಿ ಒಪ್ಪಿಸಿದ ಸರಕಾರಿ ಸಾಲಪತ್ರಗಳನ್ನು ತಾನು ಹಣಕೊಟ್ಟು ಕೊಂಡೆನೆಂದು ಪತಿ ಬುಝ್ಲುರ್ರಹೀಂ ವಾದಿಸಿದ್ದ. ಸಹಿ ಇದ್ದರೆ ಸಾಲದು, ಪರದೆಯೊಳಗಿನ ಪತ್ನಿಯಿಂದ ಪಡೆದದ್ದು ಪ್ರಾಮಾಣಿಕ ವ್ಯವಹಾರವೆಂದು ಪತಿಯೇ ರುಜುಪಡಿಸಬೇಕೆಂದು ತೀರ್ಪಾಯಿತು. ಇಂದು ಪರದೆ ಇಲ್ಲದ ಮನೆಗಳಲ್ಲೂ, ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಸಹಿ ಹಾಕುವ ಹೆಣ್ಣಿನ ಸ್ಥಿತಿ ಬಹಳ ಬೇರೆಯೇನಲ್ಲ. ಮಹ್ರನ್ನು ಆಕೆ ಮನಸಾರೆ ಬಿಟ್ಟುಕೊಟ್ಟರೆ ಮಾತ್ರ ಅನುಭವಿಸಬಹುದೆಂಬ ಷರತ್ತಿನಲ್ಲಿ 'ಮನಸಾರೆ' ಎಂಬುದೇ ಮುಖ್ಯ. ಅದನ್ನು ಅಳೆಯುವ ಛಾಪಾ ಕಾಗದ ಯಾವ ಕಚೇರಿಯಲ್ಲೂ ಸಿಗುವುದಿಲ್ಲ.

ನಾವು ಬಲ್ಲ ಒಂದು ಮನೆಯಲ್ಲಿ ಪತಿ ಅಂಗಡಿ ಹಾಕುವಾಗ ಪತ್ನಿಯ 20 ಪವನ್ ಮಾರಿದರು. ಆ ರಾತ್ರಿ ಅವರೇ ಮಗನ ಶಾಲೆಯ ನೋಟ್ ಪುಸ್ತಕ ತಂದು, ತೂಕ, ಅಂದಿನ ದರ, ತಾರೀಕು ಹೇಳಿ ಪತ್ನಿಯ ಕೈಯಿಂದ ಬರೆಸಿದರು. ಆಕೆ ಬರೆಯುತ್ತ ನಡುವೆ ನಿಲ್ಲಿಸಿ, 'ಐದು ಪವನ್ ಸಾಲವಲ್ಲ, ನಾನು ಕೊಟ್ಟದ್ದು ಅಂತ ಬೇರೆ ಬರೀತೇನೆ' ಎಂದರಂತೆ. ಬೇಡವೆಂದು ಪತಿ, ಬರೆಯುತ್ತೇನೆಂದು ಪತ್ನಿ. ಆ ರಾತ್ರಿ ಅವರ ನಡುವೆ ನಡೆದ ಜಗಳ ಅದೊಂದೇ. ಪುಸ್ತಕ ಈಗಲೂ ಕಪಾಟಿನಲ್ಲಿ ರೇಷನ್ ಕಾರ್ಡಿನ ಜೊತೆಗಿದೆ. ಸಾಲದ ಹದಿನೈದರಲ್ಲಿ ಒಂಬತ್ತು ಪವನಿನ ಎದುರು ಗೆರೆ ಎಳೆದಿದೆ.