ಟನ್ನಿಗೆ ಎಷ್ಟು ಗ್ರಾಂ?

ಕೆಜಿಎಫ್ ಗಣಿ ಮತ್ತೆ ತೆರೆಯುತ್ತದಂತೆ, ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ಸೈನೈಡ್ ದಿಬ್ಬಗಳಲ್ಲಿ ಸಾವಿರಾರು ಕೋಟಿಯ ಚಿನ್ನ ಬಿದ್ದಿದೆಯಂತೆ. ಬಂಗಾರಪೇಟೆಯಿಂದ ದಿನಾ ಬೆಂಗಳೂರಿಗೆ ರೈಲು ಹತ್ತುವವರ ಮೊಬೈಲಿಗೆ ಈ ಸಂದೇಶ ಆಗಾಗ ಬಂದು ಹೋಗುತ್ತದೆ. ಸುಳ್ಳು ಎಂದು ತಳ್ಳಿಹಾಕಲು ಹೋದರೆ ಅಷ್ಟು ಸುಲಭವಲ್ಲ. ದಿಬ್ಬದಲ್ಲಿ ಚಿನ್ನ ಇರುವುದು ನಿಜ. 1,003 ಎಕರೆಯಲ್ಲಿ ಹರಡಿರುವ 13 ದಿಬ್ಬಗಳನ್ನು ಹರಾಜು ಹಾಕುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿದ್ದೂ ನಿಜ. ಆದರೆ ದಿಬ್ಬದ ಒಂದು ಟನ್ ಮಣ್ಣಿನಲ್ಲಿ ಸರಾಸರಿ ಒಂದು ಗ್ರಾಂ ಚಿನ್ನವೂ ಇಲ್ಲ. ಆ ಮಣ್ಣನ್ನು ಮತ್ತೊಮ್ಮೆ ಸೋಸುವುದೇ ಬೇರೆ. 2001ರ ಫೆಬ್ರವರಿ 28ರಂದು ಮುಚ್ಚಿ, ಈಗ ನೀರು ತುಂಬಿಕೊಂಡಿರುವ, 3 ಕಿಲೋಮೀಟರಿಗೂ ಹೆಚ್ಚು ಆಳದ ಗಣಿಗೆ ಕಾರ್ಮಿಕರನ್ನು ಇಳಿಸುವುದೇ ಬೇರೆ. ಸಂದೇಶದ ತುಣುಕುಗಳಲ್ಲಿ ಸತ್ಯವಿದೆ, ಒಟ್ಟು ಮಾತ್ರ ಸುಳ್ಳು.

ಮೋಸ ಇರುವುದು ಭಾಜಕವನ್ನು, ಅಂದರೆ ಎಷ್ಟು ಮಣ್ಣಿಗೆ ಎಷ್ಟು ಚಿನ್ನ ಎಂಬುದನ್ನು, ಕಳಚಿದ್ದರಲ್ಲಿ. 2020ರ ಫೆಬ್ರವರಿಯಲ್ಲಿ ಉತ್ತರಪ್ರದೇಶದ ಸೋನಭದ್ರದಲ್ಲಿ 3,000 ಟನ್ನಿಗೂ ಮಿಕ್ಕಿ ಚಿನ್ನ ಸಿಕ್ಕಿದೆ ಎಂಬ ಸುದ್ದಿ ದೇಶವೆಲ್ಲ ಸುತ್ತಿತು. ಕೆಲವೇ ದಿನಗಳಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಲೆಕ್ಕ ಕೊಟ್ಟಿತು: ಅದಿರು ಸುಮಾರು 52,800 ಟನ್, ಟನ್ನಿಗೆ ಸರಾಸರಿ 3.03 ಗ್ರಾಂ, ಚಿನ್ನ ಸುಮಾರು 160 ಕಿಲೋ. ಕೆಜಿಎಫ್‌ನಂಥ ಗಣಿಯೇ 120 ವರ್ಷ ಅಗೆಸಿಕೊಂಡು ಕೊಟ್ಟದ್ದು ಸುಮಾರು 800 ಟನ್. ಅಲ್ಲಿನ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರಾರನ್ನಾದರೂ ಕೇಳಿದ್ದರೆ, ಟಿವಿಯವರಿಗೆ ಹೊಳೆಯದ ಪ್ರಶ್ನೆ ಅವರ ಬಾಯಲ್ಲಿ ಮೊದಲು ಬರುತ್ತಿತ್ತು: ಟನ್ನಿಗೆ ಎಷ್ಟು ಗ್ರಾಂ?

ಇದೇ ಗಣಿಯ ಆಳದಿಂದ ಇನ್ನೊಂದು ಬಗೆಯ ಸುದ್ದಿಯೂ ಹೊರಟಿತ್ತು. 1965ರಲ್ಲಿ ಇಲ್ಲಿ ವಾತಾವರಣದ ನ್ಯೂಟ್ರಿನೊಗಳನ್ನು ಪತ್ತೆಹಚ್ಚಿದ್ದು ಸರಿಯಾಗಿಯೇ ಇತ್ತು. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ತಪ್ಪಿರಬಹುದಾದ ಸುದ್ದಿ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರೂ ಜಪಾನಿನ ಒಸಾಕದವರೂ ಕೂಡಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಸುಮಾರು 140 ಟನ್ ತೂಕದ ಕಬ್ಬಿಣದ ಉಪಕರಣವಿಟ್ಟು, ಪ್ರೋಟಾನ್ ಒಡೆಯುತ್ತದೆಯೇ ಎಂದು ಕಾದರು. ಒಡೆದಿರಬಹುದು ಎನಿಸುವ ಕೆಲವು ಘಟನೆಗಳನ್ನು 1980ರ ದಶಕದ ಆರಂಭದಲ್ಲಿ ಪ್ರಕಟಿಸಿದರು. ಅಮೆರಿಕದ, ಜಪಾನಿನ ದೊಡ್ಡ ಪ್ರಯೋಗಗಳು ಅದನ್ನು ಸಮರ್ಥಿಸಲಿಲ್ಲ. ಪ್ರೋಟಾನ್ ಕ್ಷಯಕ್ಕೆ ಇಂದಿಗೂ ಪುರಾವೆ ಸಿಕ್ಕಿಲ್ಲ. ಹಾಗೆಂದು ಅವರನ್ನು ಯಾರೂ ಸುಳ್ಳುಗಾರರು ಎನ್ನಲಿಲ್ಲ. ಎಷ್ಟು ಕಬ್ಬಿಣ, ಎಷ್ಟು ದಿನ, ಎಷ್ಟು ಸಂದೇಹ, ಹೇಳಿದವರು ಯಾರು, ಎಲ್ಲವೂ ಮಾತಿನ ಜೊತೆಗೇ ಇತ್ತು. ತಮ್ಮನ್ನು ಅಲ್ಲಗಳೆಯುವ ದಾರಿಯನ್ನು ಅವರೇ ತೋರಿಸಿಟ್ಟಿದ್ದರು.

ಹಾಗಾಗಿ ಸುಳ್ಳು ಸುದ್ದಿಯ ಕೇಡು ಅದು ಅಸತ್ಯ ಎಂಬುದರಲ್ಲೇ ಮುಗಿಯುವುದಿಲ್ಲ. ತಪ್ಪು ಮಾತಿಗೆ ವಾರಸುದಾರನಿದ್ದರೆ ತಿದ್ದಬಹುದು. ಫಾರ್ವರ್ಡಿಗೆ ಆ ವಾರಸುದಾರನೇ ಇಲ್ಲ. "ನಿಜವೋ ಸುಳ್ಳೋ ಗೊತ್ತಿಲ್ಲಪ್ಪ, ಬಂತು, ಕಳಿಸಿದೆ" ಎನ್ನುತ್ತಾರಲ್ಲ, ಆ ಮಾತಿನಲ್ಲಿ ಸುಳ್ಳು ಹೇಳಿದವರು ಯಾರೂ ಇಲ್ಲ. ಸುಳ್ಳು ಮಾತ್ರ ಇದೆ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮಕ್ಕಳ ಕಳ್ಳನೆಂದು ರಾಜಸ್ಥಾನದ ಯುವಕನೊಬ್ಬನನ್ನು ಜನ ಹೊಡೆದು ಕೊಂದರು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸಂದೇಶ ಕಳಿಸಿದವರಲ್ಲಿ ಎಷ್ಟೋ ಮಂದಿ ತಮ್ಮ ಪಾಲಿಗೆ ಎಚ್ಚರಿಕೆ ಕೊಟ್ಟವರೇ.

ರೈಲಿನಲ್ಲಿ ನಿಂತು ಹೋಗುವವನಿಗೆ ಪ್ರಯೋಗಾಲಯ ಕಟ್ಟಲು ಆಗುತ್ತದೆಯೇ ಎಂದು ಕೇಳಬಹುದು. ಬೇಡ. ಯಾರು ಹೇಳಿದ್ದು ಎಂದು ಒಂದು ಸಾಲು ಸೇರಿಸಲಾಗದಿದ್ದರೆ ಕಳಿಸದಿದ್ದರಾಯಿತು. ಆದರೂ ಗಣಿಯ ಸುದ್ದಿಯನ್ನು ನಂಬುವವರನ್ನು ದಡ್ಡರೆನ್ನಲು ನನಗೆ ಮನಸ್ಸಿಲ್ಲ. ಊರಿನ ಕೆಲಸವೇ ಹೋದಲ್ಲಿ, ಖಚಿತ ಉತ್ತರ ಕೊಡಬೇಕಾದವರು ಸುಮ್ಮನಿದ್ದಾಗ, ಆ ಜಾಗಕ್ಕೆ ವಾಟ್ಸ್‌ಆ್ಯಪ್ ಬಂದು ಕೂರುತ್ತದೆ.

ಕಾನೂನು ಇದನ್ನು ಸರಿಮಾಡುತ್ತದೆ ಎಂಬ ನಂಬಿಕೆಯೂ ನನಗಿಲ್ಲ. 2025ರ ಜೂನ್‌ನಲ್ಲಿ ಹೊರಬಿದ್ದ ಕರ್ನಾಟಕದ ಕರಡು ಮಸೂದೆ ಸುಳ್ಳು ಸುದ್ದಿಗೆ 7 ವರ್ಷದವರೆಗೆ ಜೈಲು ಹೇಳಿತ್ತು. ಯಾವುದು ಸುಳ್ಳೆಂದು ತೀರ್ಮಾನಿಸುವ ಅಧಿಕಾರ ಸರ್ಕಾರ ನೇಮಿಸಿದವರ ಕೈಗೆ ಹೋದರೆ ಸೋನಭದ್ರವನ್ನು ನೆನಪಿಸಿಕೊಳ್ಳಬೇಕಾಗುತ್ತದೆ. ಆ 3,000 ಟನ್ನಿನ ಮಾತು ಮೊದಲು ಬಂದದ್ದು ಯಾವುದೋ ವಾಟ್ಸ್‌ಆ್ಯಪ್ ಗುಂಪಿನಿಂದಲ್ಲ, ಜಿಲ್ಲಾ ಗಣಿ ಅಧಿಕಾರಿಯಿಂದ. ತಿದ್ದಿದ್ದೂ ಸರ್ಕಾರಿ ಸಂಸ್ಥೆಯೇ, ನಿಜ. ಆದರೆ ಇಂಥ ಕಾನೂನು ಆಗಲೇ ಇದ್ದಿದ್ದರೆ, ನಡುವಿನ ಆ ಕೆಲವು ದಿನಗಳಲ್ಲಿ "ಇದು ಆಗದ ಮಾತು" ಎಂದು ಬರೆದವನ ಮೇಲೆ ಕೇಸು ಹಾಕಬಹುದಿತ್ತು.