ಜೇಬಿನಲ್ಲಿ ಉಳಿದ ಚೀಟಿ

ಬೆಳಗಿನ ಐದೂವರೆ. ಶ್ರೀನಿವಾಸಪುರದ ಹತ್ತಿರ ನಮ್ಮ ಮಾವಿನ ತೋಟಕ್ಕೆ ಹೋಗುವ ದಾರಿಯಲ್ಲಿ ಈ ಹೊತ್ತಿಗೆ ಕಾಣುವವರು ಕ್ಯಾನು ಹಿಡಿದು ಡೇರಿಗೆ ಹಾಲು ಹಾಕಲು ಹೊರಟವರು ಮಾತ್ರ. ಕೆರೆಕಟ್ಟೆಯ ಕೆಳಗೆ ಒಂದು ವೀರಗಲ್ಲಿದೆ, ಅರ್ಧ ಮಣ್ಣಿನಲ್ಲಿ ಹೂತದ್ದು. ಯಾರೋ ಹಚ್ಚಿದ ಅರಿಶಿನ ಮಳೆಗೆ ಕರಗಿ ಒಂದು ಪಕ್ಕಕ್ಕೆ ಇಳಿದಿದೆ. ದಿನಾ ಅದರ ಮುಂದೆ ಎರಡು ನಿಮಿಷ ನಿಲ್ಲುತ್ತೇನೆ. ಭಕ್ತಿ ಏನಿಲ್ಲ, ಮಂಡಿನೋವು.

ಕೆಳಗಿನ ಪಟ್ಟಿಕೆಯಲ್ಲಿ ಬಿಲ್ಲು ಹಿಡಿದ ಒಬ್ಬ, ಹಿಂದೆ ನಾಲ್ಕು ದನ. ಮೇಲಿನದರಲ್ಲಿ ಅವನನ್ನು ಆಚೆ ಈಚೆ ಹಿಡಿದು ಒಯ್ಯುವ ಅಪ್ಸರೆಯರು. ತುರುಗೊಳ್ ಕಾಳಗದಲ್ಲಿ, ಊರ ದನ ಬಿಡಿಸಿಕೊಳ್ಳಲು ಹೋಗಿ ಸತ್ತವನು. ಕೋಲಾರ, ಮಾಲೂರು, ಮುಳಬಾಗಿಲು ಕಡೆ ಇಂಥ ಕಲ್ಲುಗಳು ಬೇಕಾದಷ್ಟಿವೆ. 1905ರಲ್ಲಿ ಬಿ.ಎಲ್. ರೈಸ್ ಕೋಲಾರ ಜಿಲ್ಲೆಯ ಶಾಸನಗಳನ್ನು 'ಎಪಿಗ್ರಾಫಿಯ ಕರ್ನಾಟಿಕ'ದ ಹತ್ತನೇ ಸಂಪುಟವಾಗಿ ಅಚ್ಚು ಹಾಕಿಸಿದಾಗ ಬರಹವಿದ್ದ ಎಷ್ಟೋ ವೀರಗಲ್ಲುಗಳು ಅದರಲ್ಲಿ ಸೇರಿದವು. ನಮ್ಮ ಕಲ್ಲಿನ ಮೇಲೆ ಅಕ್ಷರವಿಲ್ಲ. ಅವನ ಹೆಸರು, ಹೊಲ, ಸಾಲ, ಯಾವುದೂ ತಿಳಿಯುವುದಿಲ್ಲ. ನಾಲ್ಕು ದನ ಮಾತ್ರ ಉಳಿದಿವೆ.

ಆ ದಿನ ಮನೆ ಬಿಡುವಾಗ ಅವನ ತಲೆಯಲ್ಲಿ ಮುರಿದ ನೇಗಿಲೋ ಮಗಳ ಮದುವೆಯೋ ಇದ್ದಿರಬೇಕು. ನಮಗೂ ಅಷ್ಟೇ ತಾನೆ. ಕೊನೆಯ ದಿನ ಯಾವುದು ಎಂದು ಯಾರಿಗೂ ಮೊದಲೇ ತಿಳಿಯುವುದಿಲ್ಲ. ಮಾಲೂರು ಕಡೆಯ ಕತೆಗಾರ ಮಾಸ್ತಿ ವೆಂಕಟೇಶ ಅಯ್ಯಂಗಾರರು ಹುಟ್ಟಿದ್ದು 1891ರ ಜೂನ್ 6ರಂದು. ತೀರಿಕೊಂಡದ್ದು 1986ರಲ್ಲಿ, ಅದೇ ಜೂನ್ 6. ತೊಂಬತ್ನಾಲ್ಕು ಸಲ ಆ ತಾರೀಕು ಬರೀ ಹುಟ್ಟುಹಬ್ಬವಾಗಿ ಬಂದು ಹೋಗಿತ್ತು.

ನನಗೆ ಈ ಕಲ್ಲಿನ ಮುಂದೆ ನೆನಪಾಗುವುದು ಅಪ್ಪನ ಜೇಬು. ಅವರು ತೀರಿಕೊಂಡ ಮಾರನೆಯ ದಿನ, ಗೂಟಕ್ಕೆ ತಗುಲಿಹಾಕಿದ್ದ ಅಂಗಿಯಲ್ಲಿ ಕ್ಯಾಲೆಂಡರಿನ ಹಾಳೆ ಹರಿದು ಬರೆದ ಚೀಟಿ ಸಿಕ್ಕಿತು. ಜಿಗಿಹುಳಕ್ಕೆ ಔಷಧಿ ಎರಡು ಲೀಟರ್. ಮೋಟರ್ ವೈಂಡಿಂಗ್ 1,800. ಟೀ ಅಂಗಡಿ 240. ಎಲ್ಲದರ ಕೆಳಗೆ, ಪೆನ್ನಿನ ಇಂಕು ಮುಗಿಯುತ್ತಾ ಬಂದ ಅಕ್ಷರದಲ್ಲಿ: ಅಳಿಯಂದಿರ ಹತ್ತಿರ ಮಾತಾಡುವುದು.

ನನ್ನ ತಂಗಿಯ ಗಂಡನ ಜೊತೆ ಅಪ್ಪನಿಗೆ ಎರಡು ವರ್ಷದಿಂದ ಮಾತಿರಲಿಲ್ಲ. ಬದುವಿನ ಜಗಳ, ಒಂದು ಮೊಳ ಜಾಗಕ್ಕೆ.

ಟೀ ಅಂಗಡಿಯ ಬಾಕಿ ಕೊಡಲು ಹೋದೆ. "ಬಿಡಿ ಸಾರ್, ಅಣ್ಣೋರು ಮೊನ್ನೇನೇ ಕೊಟ್ಟೋದ್ರು, ಚೀಟೀಲಿ ಹೊಡೆದಾಕೋದು ಮರ್ತಿದಾರೆ ಅಷ್ಟೆ" ಅಂದರು. ಔಷಧಿಯ ಡಬ್ಬ ಶೆಡ್ಡಿನಲ್ಲಿತ್ತು. ಮೋಟರೂ ಸುತ್ತಿಸಿಕೊಂಡು ಬಂದಿತ್ತು. ಚೀಟಿಯಲ್ಲಿ ಆಗದೆ ಉಳಿದದ್ದು ಕೊನೆಯ ಸಾಲು ಒಂದೇ. ಅಳಿಯ ಬಂದ, ಚಟ್ಟಕ್ಕೆ ಹೆಗಲು ಕೊಟ್ಟ, ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ.

ಬದುಕಿನಲ್ಲಿ ಯಾವುದು ಮುಖ್ಯ ಎಂದು ಸಾವು ಹೊಸದಾಗಿ ಏನೂ ಹೇಳಿಕೊಡುವುದಿಲ್ಲ ಅಂತ ಆವತ್ತಿನಿಂದ ನನ್ನ ಎಣಿಕೆ. ಮುಖ್ಯವಾದದ್ದು ಯಾವುದೆಂದು ಅಪ್ಪನಿಗೆ ಗೊತ್ತಿತ್ತು, ಬರೆದೂ ಇಟ್ಟಿದ್ದರು. ಬರೆದದ್ದು ಔಷಧಿ, ಮೋಟರುಗಳ ಕೆಳಗೆ.

ಅದನ್ನು ಮೇಲೆಯೇ ಬರೆದುಕೊಂಡವರೂ ಇದ್ದಾರೆ. ಮುಳಬಾಗಿಲಿನ ಕವಿ ಡಿ.ವಿ.ಜಿ. ಅವರಿಗೆ 1970ರಲ್ಲಿ ಬೆಂಗಳೂರಿನಲ್ಲಿ ಸನ್ಮಾನ ಮಾಡಿ ಒಂದು ಲಕ್ಷ ರೂಪಾಯಿ ಅರ್ಪಿಸಿದರು. ಆಗಿನ ಲಕ್ಷ ಸಣ್ಣ ಮೊತ್ತವಲ್ಲ. ಎಂಬತ್ತು ದಾಟಿದ ಆ ಹಿರಿಯರು ಅಷ್ಟನ್ನೂ ತಾವೇ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಕೊಟ್ಟುಬಿಟ್ಟರು. ಐದು ವರ್ಷದ ಮೇಲೆ ತೀರಿಕೊಂಡರು. ಇದನ್ನು ತ್ಯಾಗ ಎಂದು ಹೊಗಳುತ್ತೇವೆ. ನನಗೆ ಹಾಗನ್ನಿಸುವುದಿಲ್ಲ. ಅವರ ಚೀಟಿಯ ಮೊದಲ ಸಾಲು ಯಾವುದು ಎಂಬುದು ಹಣ ಬರುವುದಕ್ಕೆ ಎಷ್ಟೋ ಮೊದಲೇ ತೀರ್ಮಾನವಾಗಿತ್ತು. ಕೊಡುವ ದಿನ ಯೋಚಿಸುವ ಕೆಲಸ ಉಳಿದಿರಲಿಲ್ಲ.

ನನ್ನ ಜೇಬಿನಲ್ಲೂ ಒಂದು ಚೀಟಿಯಿದೆ. ಡ್ರಿಪ್ ಪೈಪು, ಬ್ಯಾಂಕಿನ ಕೆಲಸ, ಮಂಡಿಗೆ ಎಣ್ಣೆ. ಅಣ್ಣನ ಮನೆಗೆ ಹೋಗಿ ಮೂರು ವರ್ಷವಾಯಿತು. ಮುಳಬಾಗಿಲಿನ ಬಸ್ಸು ಏಳೂವರೆಗೆ.